ಏಳನೆಯ ತಿರುಪು

ವರ್ನಾ ಕ್ರಾಟ್ಕಿಯವರೇ,
ನಿಮ್ಮ ಪೆಟ್ಟಿಗೆಯನ್ನು ಬಿಚ್ಚಿದವನು ನಾನು.
ಯಾರೂ ಬಿಚ್ಚಬಾರದೆಂದೇ ನೀವು ಮುಚ್ಚಿದ್ದು,
ಇಪ್ಪತ್ತೊಂದು ವರ್ಷದ ಕೆಳಗೆ, ಬಾಲ್ಟಿಮೋರಿನ ಬಿಳಿ ಕೋಣೆಯಲ್ಲಿ.
ಬಿಳಿ ನಿಲುವಂಗಿ, ಬಿಳಿ ಮುಸುಕು, ಬಿಳಿ ಕೈಗವಸು:
ಫೋಟೋದಲ್ಲಿ ನೀವು ಮದುಮಗಳೋ ಶಸ್ತ್ರವೈದ್ಯೆಯೋ
ಹೇಳುವುದು ಕಷ್ಟ.

ಮೂವತ್ತೆರಡು ತಿರುಪು.
ಒಂದೊಂದರ ತಲೆ ಸಾಸಿವೆಗಿಂತ ಒಂದು ಸುತ್ತು ದೊಡ್ಡದು.
ನನ್ನ ಕೈಗೋ ಹಾಸಿಗೆಯನ್ನೇ ತೊಡಿಸಿದಂತಿತ್ತು,
ತೊಡಿಸಿ, ಸೂಜಿಗೆ ದಾರ ಪೋಣಿಸು ಎಂದಂತೆ.
ಹ್ಯೂಸ್ಟನ್ನಿನ ಕೊಳದ ತಳದಲ್ಲಿ ಇನ್ನೂರು ಗಂಟೆ
ಇದನ್ನೇ ಮಾಡಿ ಮಾಡಿ ಎರಡು ಉಗುರು ಕಳಚಿದ್ದವು.
ಅಲ್ಲಿ ಕೈಜಾರಿದ್ದು ಕೆಳಗೆ ಬೀಳುತ್ತಿತ್ತು,
ಮುಳುಗುಗಾರನೊಬ್ಬ ಹೆಕ್ಕಿ ಕೊಡುತ್ತಿದ್ದ.
ಇಲ್ಲಿ ಜಾರಿದರೆ
ತಿರುಪೂ ಒಂದು ಉಪಗ್ರಹ.

ಆರು ಬಂದವು, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ.
ಏಳನೆಯದು ಮಿಸುಕಲಿಲ್ಲ.
ಕೆಳಗೆ ಆಫ್ರಿಕಾ ಮುಗಿದು ಕಡಲು ಶುರುವಾಗಿ ಕತ್ತಲಾಯಿತು,
ಮತ್ತೆ ಬೆಳಕಾಯಿತು.
ಒಂದೂವರೆ ಗಂಟೆಗೊಂದು ಸೂರ್ಯೋದಯ ಇಲ್ಲಿ;
ಎರಡು ಹಗಲನ್ನು ಒಂದೇ ತಿರುಪಿಗೆ ಸುರಿದೆ.
ಬೆವರಿನ ಹನಿ ಇಳಿಯಲೊಲ್ಲದೆ
ಹುಬ್ಬಿನ ಮೇಲೆ ಕೂತಿತ್ತು, ಹೊರಡುವ ಮಾತೆತ್ತದ ನೆಂಟನಂತೆ.
ಯಂತ್ರತೋಳಿನ ತುದಿಯಲ್ಲಿ ನಿಂತ ಟೋವಾ
"ಮುರಿದುಬಿಡು" ಅಂದಳು.
ಮುರಿದರೆ ಚೂರು. ಚೂರು ಹೋಗಿ ಕೂರುವುದು ಕನ್ನಡಿಯ ಮೇಲೆ.

ಆಗ ನಿಮ್ಮನ್ನು ಎಬ್ಬಿಸಿದರಂತೆ, ಬೆಳಗಿನ ಜಾವ ಮೂರಕ್ಕೆ.
ಹಳೆಯ ಕಾಗದಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ,
ಕೊನೆಗೊಂದು ಸಹಿ ಇತ್ತು, ನಿಮ್ಮದು.
ಕಿವಿಯಲ್ಲಿ ನಿಮ್ಮ ದನಿ, ಅದರ ಹಿಂದೆ ಒಂದು ನಾಯಿ ಬೊಗಳುವುದು:
"ಏಳನೆಯದೇ? ಮೇಲಿಂದಲೋ ಕೆಳಗಿಂದಲೋ?"
ಮೇಲೆ ಯಾವುದು, ಕೆಳಗೆ ಯಾವುದು!
ತಲೆಕೆಳಗಾಗಿ ತೂಗುತ್ತಿದ್ದವನು
"ದಪ್ಪ ತಂತಿಯ ಪಕ್ಕದ್ದು" ಅಂದೆ.
ನೀವು ಸುಮ್ಮನಾದಿರಿ. ನಾಯಿಯೂ.
ಆಮೇಲೆ,
"ಅದಕ್ಕೆ ಅಂಟು ಎರಡು ಸಲ ಹಾಕಿದ್ದೆ. ಬರೆದಿಡಲಿಲ್ಲ.
ಮೊದಲ ಸಲ ಕೈ ನಡುಗಿತ್ತು.
ಇನ್ನಷ್ಟು ಬಿಗಿ ಮಾಡು ಮಗೂ, ಆಮೇಲೆ ಸಡಿಲಿಸು."

ಬಿಗಿ ಮಾಡಿದೆ, ಕೂದಲೆಳೆಯಷ್ಟು.
ಕಟ್ ಎಂದದ್ದು ಕೇಳಿದ್ದು ಕಿವಿಗಲ್ಲ,
ಮಣಿಕಟ್ಟಿಗೆ.

ಮುಚ್ಚಳದ ಒಳಮೈಯಲ್ಲಿ, ಒಣಗಿದ ಅಂಟಿನ ಮೇಲೆ,
ಒಂದು ಹೆಬ್ಬೆರಳ ಒತ್ತು ಇತ್ತು, ಕೈಗವಸಿನ ಸುಕ್ಕು ಸಮೇತ.
ಅದರ ಮೇಲೆ ನನ್ನ ಹೆಬ್ಬೆರಳಿಟ್ಟು ನೋಡಿದೆ.
ಕೆಲಸದ ಪಟ್ಟಿಯಲ್ಲಿ ಅದು ಇರಲಿಲ್ಲ.
ಹೊಸ ಮುಚ್ಚಳಕ್ಕೆ ತಿರುಪಿಲ್ಲ, ಎರಡೇ ಚಿಲಕ;
ಮುಂದೆ ಬರುವವರು ಬೇಗ ಮನೆಗೆ ಹೋಗಲಿ.

ಉಗುರು ಮತ್ತೆ ಬಂದಿವೆ.
ಮೊನ್ನೆ ದೂರದರ್ಶಕ ಮೊದಲ ಚಿತ್ರ ಕಳಿಸಿತು,
ಏನೂ ಇಲ್ಲವೆಂದುಕೊಂಡಿದ್ದ ಕಡೆ ಒಂದು ನೀಲಿ ಮಸುಕು.
ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ, ಏನದು, ಎಷ್ಟು ಹಳೆಯದು ಎಂದು.
ನಾನು ಬೇರೆ ಕೇಳಬೇಕು.
ಅವತ್ತು ಅರ್ಧ ಭೂಮಿ ಕಿವಿಗೊಟ್ಟಿತ್ತು, ಕೇಳಲಾಗಲಿಲ್ಲ.
ಈಗ ಅಡುಗೆಮನೆಯ ಮೇಜು, ನಾನು, ಈ ಕಾಗದ.
ವರ್ನಾ,
ಕೈ ಯಾಕೆ ನಡುಗಿತ್ತು?