ಏಳನೇ ನಂಬರಿನ ಪುಡಿ

ತಾರಿಹಾಳದ ನಮ್ಮ ಫ್ಯಾಕ್ಟರಿಗೆ
ಬಟಾಟಿ ಬರೂದು ರಾತ್ರಿ ಲಾರಿಯಾಗ,
ಮೈತುಂಬ ಮಣ್ಣು ಹೊದ್ದು, ನಿದ್ದಿಗಣ್ಣಿನ ಬೀಗರಂಗ.
ಬೆಳಕು ಹರಿಯೂದ್ರಾಗ ಮೈಮ್ಯಾಲ ತೊಗಲಿಲ್ಲ.
ಆಮ್ಯಾಲ ಅಲಗು. ಆಮ್ಯಾಲ ನೀರು,
ಗಂಜಿ ಬಿಟ್ಟು ಬಿಟ್ಟು ಆ ನೀರು ಹಾಲಾಗಿ
ಗಟಾರಕ್ಕ ಹೋಗತೈತಿ.
ಆಮ್ಯಾಲ ಪಾಮ್ ಎಣ್ಣಿ.
ಅಲ್ಲಿ ಮಾತ್ರ ಬಟಾಟಿ ಬಾಯಿಬಿಟ್ಟು ಮಾತಾಡತೈತಿ
ಮೂರು ನಿಮಿಷ.
ಆಮ್ಯಾಲ ಗಪ್ಪ.

ನಂದು ಅದರ ಮುಂದಿನ ಕೆಲಸ: ಡ್ರಮ್ಮು.
ತಿರುಗೂ ಡ್ರಮ್ಮಿಗೆ ರುಚಿ ಹಾಕೂದು.
ರುಚಿ ಅಂದ್ರ ಚೀಲ, ಚೀಲ ಅಂದ್ರ ನಂಬರು.
ಮೂರು ಅಂದ್ರ ಟೊಮ್ಯಾಟೊ:
ಸಕ್ಕರಿ, ಉಪ್ಪು, ಹುಳಿಪುಡಿ, ಉಳ್ಳಾಗಡ್ಡಿ ಪುಡಿ,
ಹಿಂಗ ಓದಕೋತ ಹ್ವಾದ್ರ ಕೊನಿಗೆ
ಇರಿವಿಯಂಥಾ ಅಕ್ಷರದಾಗ, ಟೊಮ್ಯಾಟೊ.
ಐದು ಅಂದ್ರ ಪುದೀನಾ.
ಐದು ಹಾಕಿದ ದಿನ ಬಸ್ಸಿನ್ಯಾಗ ಬಾಜೂ ಕುಂತಾಕಿ
ಮೂಸಿ ಮೂಸಿ ಕೇಳತಾಳ,
ಯಾರ ಮದವಿ ಮುಗಿಸ್ಕೊಂಡು ಬಂದ್ರೀ ಅಕ್ಕಾ?
ಪ್ಯಾಕಿಂಗಿನ ಮೈರುನ್ಬಿ ನಗತಾಳ:
ಬಟಾಟಿ ಒಂದ ಐತವ್ವಾ, ದಿನಕ್ಕೊಂದು ಸೀರಿ.

ಹ್ವಾದ ಶ್ರಾವಣದಾಗ ಪುಣೆದಿಂದ ದೇಶಮುಖ ಸಾಹೇಬ್ರು ಬಂದ್ರು.
ಕಾಗದದ ತಾಟಿನ್ಯಾಗ ಕೆಂಪು ಪುಡಿ, ಏಳನೇ ನಂಬರು.
'ನೀವು ಬ್ಯಾಡಗಿ ಅವರಂತ, ದ್ಯಾಮಕ್ಕ. ಹೇಳ್ರಿ,
ಇದು ನಿಮ್ಮೂರ ಮೆಣಸಿನಕಾಯಿ ಹೌದೋ ಅಲ್ಲೋ?'

ನಾಲಗಿ ಮ್ಯಾಲ ಇಟಗೊಂಡೆ. ಚುರ್ ಅಂತು.
ಸಾಹೇಬ್ರ, ಇದು ಖಾರ ಐತ್ರಿ.
ನಮ್ಮೂರ ಕಾಯಿ ಬೈಯೂದಿಲ್ಲ, ಬರೇ ಕೆಂಪಾಗತೈತಿ.
ಅವರು ಬರಕೊಂಡ್ರು: ಖಾರ ಕಡಿಮಿ.

ತಿಂಗಳಿಗೆ ಮತ್ತ ಬಂತು. ಬಣ್ಣ ಬರೋಬ್ಬರಿ,
ಖಾರ ಬರೋಬ್ಬರಿ. ಆದ್ರೂ ಏನೋ ಇಲ್ಲ.
ಏನಿಲ್ಲ ಅಂತ ಕೇಳಿದ್ರು.
ಸೀನು ಇಲ್ರಿ, ಅಂದೆ.
ಸುಗ್ಗ್ಯಾಗ ನಮ್ಮೂರಾಗ ಬಸ್ ಇಳದವರು
ಮೊದಲ ಸೀನತಾರ, ಆಮ್ಯಾಲ ದಾರಿ ಕೇಳತಾರ.
ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ರು.
ಅದನ್ನ ಬರಕೊಳ್ಳಲಿಲ್ಲ.

ಅವ್ವ ಆ ಊರಾಗ ಮೂವತ್ತು ವರ್ಷ ತೊಟ್ಟು ಬಿಡಿಸಿದಾಕಿ.
ಕಿಲೋ ಲೆಕ್ಕದ ಕೂಲಿ.
ಮುಂಜಾನಿಂದ ಸಂಜಿತನಕ ಕೆಂಪು ರಾಶಿ ಮುಂದ ಕುಂತು
ಮನಿಗೆ ಬಂದ್ರೂ ಬೆರಳು ಉರಿಯೂದು ನಿಂದರತಿರಲಿಲ್ಲ.
ನಾ ಅತ್ರ ಅವ್ವ ಎಂದೂ
ಕೈಲೆ ಕಣ್ಣು ಒರಸಲಿಲ್ಲ.
ಮೊಣಕೈಲೆ ಒರಸತಿದ್ಲು,
ಒರಟಾಗಿ, ಮೂಗಿನ ಸಮೇತ.
ನನಗ ಎಲ್ಲಾ ಅವ್ವಂದಿರೂ ಹಂಗ ಅಂತ ತಿಳದಿತ್ತು.

ಏಳನೇ ನಂಬರು ಪ್ಯಾಕೀಟಿಗೆ ಬಂತು.
ಮ್ಯಾಲ ಮೆಣಸಿನಕಾಯಿ ಚಿತ್ರ:
ನುಣ್ಣಗ, ಮಿರಿಮಿರಿ,
ಒಂದ ಒಂದು ಸುಕ್ಕಿಲ್ಲ.
ಬ್ಯಾಡಗಿ ಕಾಯಿಗೆ ಸುಕ್ಕಿಲ್ಲಂದ್ರ
ಅವ್ವನ ಮಾರಿಗೆ ಯಾರೋ ಇಸ್ತ್ರಿ ಹೊಡದಂಗ.

ಗೇಟಿನ್ಯಾಗ ಶನಿವಾರಕ್ಕೊಮ್ಮೆ ನಮಗ ಚೂರು ಮಾರತಾರ,
ಮುರಕಲು, ಕರಕಲು, ಎಲ್ಲಾ ನಂಬರಿನವು ಒಂದ ಚೀಲದಾಗ.
ಅದರ ರುಚಿಗೆ ಹೆಸರಿಲ್ಲ.
ನನ್ನ ಮಗನಿಗೆ ಅದಾ ಬೇಕು, ಅಂಗಡೀದು ಒಲ್ಲ ಅಂತಾನ.
ಅವ್ವನಿಗೆ ಮಾತ್ರ ರೊಕ್ಕ ಕೊಟ್ಟು
ಇಡೀ ಪ್ಯಾಕೀಟು ಒಯ್ದೆ.

ಕಟ್ಟಿ ಮ್ಯಾಲ ಕುಂತು ಹರದ್ಲು. ಬುಸ್ ಅಂತು ಗಾಳಿ.
'ಅರ್ಧಾ ಗಾಳಿನ ಐತಲ್ಲೇ.'
ಒಂದು ತಗದು ಬಿಸಲಿಗೆ ಹಿಡದು ನೋಡಿದ್ಲು
ನೋಟು ನೋಡಿದಂಗ.
'ಬಣ್ಣ ಚಲೋ ಐತಿ,' ಅಂದ್ಲು.
ತಿಂದ್ಲು. ಇನ್ನೊಂದು ತಿಂದ್ಲು.
ಆಮ್ಯಾಲ ನನ್ನ ಕಡೆ ತಿರುಗಿ,
'ಇದಕ್ಕ ತೊಟ್ಟು ಬಿಡಿಸಿದವರು ಯಾರ?'

ನಾ ಸುಮ್ನಿದ್ದೆ.
ಓಣ್ಯಾಗ ಟ್ರ್ಯಾಕ್ಟರು ಚೀಲ ಹೇರಕೊಂಡು ಹೊಂಟಿತ್ತು,
ಅದರ ಹಿಂದ ಬಂದ ಗಾಳಿಗೆ
ನಾ ಎರಡು ಸಲ ಸೀನಿದೆ.
ಅವ್ವ ಪ್ಯಾಕೀಟು ಬೋರಲು ಹಾಕಿ
ಅಂಗೈ ಮ್ಯಾಲ ಕೊಡವಿದ್ಲು.
'ಉಪ್ಪು ಜಾಸ್ತಿ ಆಗೇತಿ,' ಅಂದ್ಲು
ಬೆರಳು ನೆಕ್ಕಿಕೋತ.