ಕರೆಂಟು ಇದ್ದಷ್ಟು ನಿದ್ದಿ

ಬಾಗಲಕೋಟಿ ದವಾಖಾನಿ, ಮ್ಯಾಲಿನ ಮಜಲು, ಕಡೀ ಖೋಲಿ.
ಬಾಗಿಲಿಗೆ ಗಾಜಿನ ಚೌಕ, ಅಂಗೈಯಷ್ಟು.
ಅದರಾಗಿಂದ ನೋಡತಾರ ತಾಸಿಗೊಮ್ಮೆ,
ಜೀವ ಐತೋ ಇಲ್ಲೋ ಅಂತಲ್ಲ,
ಮಾಸ್ಕ್ ಐತೋ ಇಲ್ಲೋ ಅಂತ.

ಟ್ಯೂಬ್‌ಲೈಟಿಗೆ ಇಲ್ಲೆ ಸ್ವಿಚ್ಚಿಲ್ಲ, ಹೊರಗ ಐತಂತ.
ಮೂವತ್ತೆಂಟು ದಿನಾತು, ರಾತ್ರಿ ಅನ್ನೂದು ಒಳಗ ಬಂದಿಲ್ಲ.
ಉಪ್ಪಿಟ್ಟು ಬಂದರ ಮುಂಜಾನಿ, ಬರೇ ಅನ್ನ ಸಾರು ಬಂದರ ಸಂಜಿ,
ಹಂಗ ತಿಳಕೋಬೇಕು.

ಮನಸಿನ ತಪಾಸಣಿ ಅಂತ ಒಬ್ಬಾಕಿ ಬಂದಿದ್ಲು,
ನೀಲಿ ಗೌನು, ಕಣ್ಣಷ್ಟ ಕಾಣತಿದ್ದವು. ಕೈಯಾಗ ಫಾರಂ.
ಹೋದ ಎರಡು ವಾರದಾಗ ನಿದ್ದಿ ಬರದ ದಿನ ಎಷ್ಟು?
ಒಂದೂ ಇಲ್ಲೋ, ಕೆಲವೋ, ಅರ್ಧಕ್ಕಿಂತ ಹೆಚ್ಚೋ, ದಿನಾಲೂ ಏನೋ?
ಅಕ್ಕಾರ, ನನಗ ನಿದ್ದಿ ಬರಾಕ ಸಪ್ಪಳ ಬೇಕು ಅಂದೆ.
ಅದನ್ನ ಬರಿಯಾಕ ಫಾರಮಿನಾಗ ಜಾಗ ಇರಲಿಲ್ಲ.
ಪೆನ್ನು ತುಸು ನಿಂತು, "ದಿನಾಲೂ" ಮ್ಯಾಲ ಗೀಟು ಎಳೀತು.

ಹೇಳಿದರ ನಗತೀರಿ.
ನಾ ಹುಟ್ಟಿದ್ದು ಬನಹಟ್ಟ್ಯಾಗ, ಮಗ್ಗದ ಮಗ್ಗಲಕ್ಕ.
ತೊಟ್ಟಲಾ ಕಟ್ಟಿದ ತೊಲಿಗೆ ಮಗ್ಗದ ನಡುಕ ಏರತಿತ್ತಂತ,
ತೂಗವರು ಬ್ಯಾಡಾಗಿತ್ತಂತ.
ಖಟ್ ಪಟಕ್, ಖಟ್ ಪಟಕ್.
ನಮ್ಮ ಓಣ್ಯಾಗ ಕಿವುಡರೂ ಕೇಳೂ ಸಪ್ಪಳ ಅದು,
ಎದಿಯಿಂದ ಕೇಳತಾರ.
ಜಮಖಂಡಿ ಕಡೆ ತೋಟದಾಗ ಬೆಳೆದಕಿ ನಮ್ಮಕಿ,
ಬಂದ ಹೊಸತಾಗಿ ಕಿವಿಯಾಗ ಅರಳಿ ತುರಕೊಂಡು ಮಲಗತಿದ್ಲು.
ಈಗ ಮಗ್ಗ ನಿಂತರ ಎದ್ದು ಕುಂದರತಾಳ.

ಇಲ್ಲೆ ಗ್ವಾಡಿ ಸುಮ್ಮನ.
ಫ್ಯಾನು ಗಾಳಿ ಹೊರಗ ಜಗ್ಗತೈತಿ, ಒಂದ ರಾಗ,
ಎಳಿಗೆ ಎಳಿ ಕೂಡೂದಿಲ್ಲ ಅದರಾಗ.
ಗುಳಿಗಿ ಹದಿಮೂರು. ಅದರಾಗೊಂದು ಕನಸು ಕೆಡಸತೈತಿ ಅಂತ
ಡಾಕ್ಟರನ ಹೇಳ್ಯಾರ.
ಕಣ್ಣು ಮುಚ್ಚಿದರ ಹಾಸು ಹರದಿರತೈತಿ, ಸಾವಿರ ಎಳಿ.
ಒಂದೊಂದ ಗಂಟು ಹಾಕತೀನಿ, ಹಾಕಿದ್ದು ಬಿಚ್ಚತೈತಿ.
ಒಮ್ಮೆ ಹಲ್ಲುಜ್ಜೂ ಬ್ರಶ್ಶಿನಿಂದ ಮಂಚದ ಕಬ್ಬಣ ಬಡದೆ, ಲಯ ಹಿಡದು.
ಸಿಸ್ಟರ್ ಓಡಿ ಬಂದು ಏನ ಬೇಕು ಅಂದ್ಲು.
ಏನಿಲ್ಲ ಅಂದೆ.
ಏನಿಲ್ಲ ಅನ್ನೂದನ್ನೂ ಕಾಗದದಾಗ ಬರಕೊಂಡ್ಲು.

ನಮ್ಮಕಿಗೆ ಹೊಳೀತು.
ರಾತ್ರಿ ಪಾಳಿ ಈಗ ಅಕೀದು, ನನ್ನ ಜಾಗಾದಾಗ.
ಫೋನ್ ಹಚ್ಚಿ ಲಾಳಿ ಓಡೂ ಹಂತ್ಯಾಕ ಇಟ್ಲು.
ಮಾತಾಡಲಿಲ್ಲ. ಮಾತು ಯಾರಿಗೆ ಬೇಕಾಗಿತ್ತು.
ನಾ ತಲಿದಿಂಬಿನ ಕೆಳಗ ಇಟಗೊಂಡೆ.
ಖಟ್ ಪಟಕ್.
ಮೂವತ್ತೆಂಟು ದಿನದ ನಿದ್ದಿ ಒಮ್ಮೆಲೆ ಬಂತು,
ಬಾಕಿ ಕೂಲಿ ಬಂದಂಗ.

ಐದು ರಾತ್ರಿ ಹಿಂಗ. ಸಿಸ್ಟರ್ ನಾಕಕ್ಕ ಬಂದು
ಜ್ವರ ನೋಡಿ ಹೋಗಿದ್ದೂ ಗೊತ್ತಾಗಲಿಲ್ಲ.

ನಿನ್ನೆ ಎರಡೂವರಿಗೆ ಎಚ್ಚರಾತು.
ದೀಪ ಹಂಗ ಉರೀತಿತ್ತು, ಇಲ್ಲೆ ಕರೆಂಟು ಹೋಗೂದಿಲ್ಲ.
ಅಲ್ಲೆ ಹೋಗಿತ್ತು.
ದಿಂಬಿನ ಕೆಳಗ ಬನಹಟ್ಟಿ ಕತ್ತಲಿ.
ಕಡ್ಡಿಪೆಟಗಿ ಹುಡುಕೂ ಬಳಿ ಸಪ್ಪಳ. ಎಲ್ಲೋ ಒಂದು ನಾಯಿ.
ಆಮ್ಯಾಲ ಕೆಮ್ಮು.

ಹತ್ತಿ ಧೂಳಿರಬೇಕು ಅಂದೆ.
ಮತ್ತೊಮ್ಮೆ.
ನನ್ನ ಕೆಮ್ಮು ನನಗ ಗೊತ್ತು,
ಎಲ್ಲಿಂದ ಏಳತೈತಿ, ಎಲ್ಲಿ ತಡದು ಹೊರಳತೈತಿ;
ಇದು ಅದ ನೇಯ್ಗಿ.
ಎಷ್ಟು ದಿನಾತು? ಮಗ್ಗದ ಸಪ್ಪಳ ಮುಚ್ಚಿತ್ತೋ,
ಅಕೀನ ಮುಚ್ಚಿದ್ಲೋ?
ಹಲೋ ಅನ್ನಲಿಲ್ಲ ನಾ. ಉಸರು ಹಿಡದು ಎಣಿಸಿದೆ.
ಏಳಕ್ಕ ಕರೆಂಟು ಬಂತು.
ಖಟ್ ಪಟಕ್.

ನಾಕಕ್ಕ ಸಿಸ್ಟರ್ ಬಂದ್ಲು. ನಿದ್ದಿ ಬಂತೇನು ಕಾಕಾ?
ಕಫದ ಡಬ್ಬಿ ಇನ್ನೊಂದು ಕೊಡವಾ ಅಂದೆ.
ನಿಮ್ಮದು ನಿನ್ನೆನ ಹೋಗೇತಿ ಅಂದ್ಲು.
ನಂದಲ್ಲ. ಚೀಟಿ ಮ್ಯಾಲ ಬರಿ, ನಾ ಹೇಳತೀನಿ:
ಕಮಳವ್ವ ದುಂಡಪ್ಪ ಬಾಣಕಾರ. ಬನಹಟ್ಟಿ.
ವಯಸ್ಸು...
ತಡಿ, ಲೆಕ್ಕ ಹಾಕತೀನಿ.