ಅರವತ್ತಮೂರು ಕಿಟಕಿ

ಮೂವತ್ತೊಂದು ವರ್ಷ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಅಚ್ಚಿನಿಂದ ಐಸು ಕಳಚಿದವನು ಪುರಸು ಹರಿಕಂತ್ರ.
ಕಾರವಾರಕ್ಕೆ ಚಳಿಯೇ ಇಲ್ಲ ಅನ್ನುವವರು
ಅವನ ಬೆರಳು ಮುಟ್ಟಿ ನೋಡಬೇಕು.
ನಾವು ಬೀಸಣಿಗೆ ಹುಡುಕುವ ಹೊತ್ತಲ್ಲಿ
ಕಂಬಳಿ ಹೊದ್ದು ಕೂತಿರುತ್ತಾನೆ,
ಮಂಡಿಯೊಳಗೆ ಇನ್ನೂ ಕರಗದ ಒಂದು ತುಂಡು.

ಕೆಲಸ ಬಿಟ್ಟ ಮರುವಾರ ನನ್ನ ಬಡಗಿ ಶೆಡ್ಡಿಗೆ ಬಂದ.
"ಗಾಜಿನ ಮನೆ ಬೇಕು. ಅದರೊಳಗೊಂದು ಮಣ್ಣಿನ ಮನೆ."
ಯಾರು ತಲೆಗೆ ತುಂಬಿದರೋ?
"ಹಡಗಿನವನೊಬ್ಬ. ಅವನೂರಲ್ಲಿ ಆರು ತಿಂಗಳು ಹಿಮ.
ಗಾಜಿನೊಳಗೆ ಮನೆ, ಜಗಲಿಯಲ್ಲಿ ಟೊಮೆಟೊ ಗಿಡ,
ಹೊರಗೆ ಮೂಗು ಉದುರುವಾಗ ಒಳಗೆ ಬನಿಯನ್ನಲ್ಲಿರ್ತಾನಂತೆ."
ಮೇ ತಿಂಗಳಲ್ಲಿ ಕುಚ್ಚಲಕ್ಕಿ ಹಾಗೆ ಬೇಯ್ತೀಯಲ್ಲೋ, ಅಂದೆ.
"ಒಂದ್ಸಲ ಬೆಂದೇ ನೋಡ್ತೆ" ಅಂದ.

ಗಾಜಿಗೆ ದುಡ್ಡೆಲ್ಲಿ?
ಹೆದ್ದಾರಿ ಅಗಲವಾಗುವಾಗ ಅರ್ಧ ಕತ್ತರಿಸಿಕೊಂಡ ಮನೆಗಳ ಕಿಟಕಿ
ಅಮದಳ್ಳಿಯ ಗುಜರಿಯಲ್ಲಿ ರಾಶಿ ಬಿದ್ದಿತ್ತು.
ತೇಗ, ಹಲಸು, ಹೆಸರು ಮರೆತ ಮರ;
ಒಂದರ ಅಳತೆ ಇನ್ನೊಂದಕ್ಕಿಲ್ಲ,
ಒಂದೊಂದು ಚಿಲಕಕ್ಕೂ ಅದರದೇ ಹಟ.
ಹೊತ್ತು ತಂದು ಎಣಿಸಿದೆ: ಅರವತ್ತಮೂರು.

ಒಳಮನೆಗೆ ಹಿತ್ತಲ ಕೆಂಪುಮಣ್ಣು, ಭತ್ತದ ಹೊಟ್ಟು,
ಕಾಳಿ ಅಳಿವೆಯ ಚಿಪ್ಪು ಸುಟ್ಟ ಸುಣ್ಣ.
ಹೆಂಡತಿ ಗೋಪಿ ಮಣ್ಣು ಮೆಟ್ಟಿದಳು, ಮೆಟ್ಟುತ್ತಲೇ ಬೈದಳು:
"ಮದುವೆಯಾದಾಗಿಂದ ತಣ್ಣನೆ ಕಾಲು ತಗಲಿಸಿ
ನಿದ್ದೆ ಕೆಡಿಸಿದ್ದು ಸಾಲದಾ!"
ಹಗಲಿಡೀ ಬಿಸಿಲು ಮೇಯ್ದ ಗೋಡೆ
ರಾತ್ರಿ ಎಮ್ಮೆಯ ಹಾಗೆ ಮೆಲುಕು ಹಾಕಿತು.
ಗಾಜಿನ ಬೆವರು ಇಳಿದು ಬಸಳೆಯ ಬುಡ ಸೇರಿತು.

ಮೀನು ಒಣಗಿಸಲು ಬಾಡಿಗೆಗೆ ಕೊಡ್ತೀಯಾ, ಊರು ಕೇಳಿತು.
ಕೊಟ್ಟ ಕೂಡ, ಒಂದು ಮೂಲೆ.

ಮೇ ಬಂತು. ಅರವತ್ತಮೂರನ್ನೂ ತೆರೆದಿಟ್ಟ.
ಗೋಡೆಯೆಂಬುದು ಉಳಿಯಲಿಲ್ಲ,
ಚೌಕಟ್ಟು ಚೌಕಟ್ಟಿನಲ್ಲೂ ಕಡಲಗಾಳಿ.
ಆಗ ಒಂದು ಸಂಜೆ ತೋಡೂರಿನ ಸೆರಾಫಿನಾ ಬಾಯಿ ಬಂದು
ಹಸಿರು ಬಣ್ಣದ್ದೊಂದರ ಮುಂದೆ ನಿಂತಳು.
ಸೀಳಿದ ಗಾಜಿಗೆ ಯಾರೋ ಅಂಟಿಸಿದ
ಗಾಯದ ಪಟ್ಟಿ ಇನ್ನೂ ಹಾಗೇ ಇತ್ತು.
ಅದರ ಚಿಲಕಕ್ಕೆ ಎಣ್ಣೆ ಬಿಟ್ಟು, ಅರ ಹಾಕಿ ನಾನು ಸೋತಿದ್ದೆ.
"ತುಸು ಎತ್ತಿ ತಳ್ಳಬೇಕು, ಇಲ್ಲದಿದ್ರೆ ಕೂರೂದಿಲ್ಲ"
ಎಂದು ಎತ್ತಿದಳು, ತಳ್ಳಿದಳು. ಕೂತಿತು.
"ಸೊಳ್ಳೆ ಬರೂ ಹೊತ್ತು" ಎಂದು
ಯಾರಿಗೋ ಹೇಳಿದಂತೆ ಹೇಳಿ ಬಸ್ಸಿಗೆ ಹೋದಳು.
ಅಂದಿನಿಂದ ಅದೊಂದು ಕಿಟಕಿ
ಸಂಜೆ ಆರಕ್ಕೆ ಮುಚ್ಚುತ್ತದೆ.

ಜನವರಿಯಲ್ಲಿ ಬಾಕಿ ಕೇಳಲು ಹೋದೆ.
ಬನಿಯನ್ನಲ್ಲಿ ಕೂತು ಬಸಳೆ ಸೋಸುತ್ತಿದ್ದ.
"ನೋಡು ಈಗ" ಎಂದು
ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟ.
ಐಸೇ.
ಹೂಂ, ಬೆಚ್ಚಗಿದೆ, ಅಂದೆ.
ಬಾಕಿ ಕೇಳಲಿಲ್ಲ.